ಮಾಚೇನಹಳ್ಳಿಯ ಎಲ್ಲ ಪಾಳಿಗಳವರಿಗೆ, ಚಿತ್ರ ಕಲಿಯುತ್ತಿರುವವಳಿಂದ

ಅಕ್ಕಂದಿರೇ, ಅಣ್ಣಂದಿರೇ,

ಬಿ.ಎಚ್. ರಸ್ತೆಯ ಬಸ್ ಸ್ಟಾಪಿನಲ್ಲಿ, ಡೇರಿ ಕಡೆಯ ಟೀ ಅಂಗಡಿಯ ಬೆಂಚಿನ ಮೇಲೆ, ಪಾಳಿ ಬಿಡುವ ಹೊತ್ತಿಗೆ ಗೇಟುಗಳ ಆಚೆ, ಕಪ್ಪು ರಟ್ಟಿನ ಪುಸ್ತಕ ಹಿಡಿದ ಹುಡುಗಿಯೊಬ್ಬಳನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಕೆಲವರು ಹತ್ತಿರ ಬಂದು "ಎಂತ ಬರೀತಿದೀಯ ಪುಟ್ಟಿ?" ಎಂದು ಕೇಳಿದ್ದೀರಿ. ಸರ್ವೆಯವಳು ಎಂದುಕೊಂಡವರಿದ್ದಾರೆ, ಪೇಪರಿನವಳು ಎಂದುಕೊಂಡವರಿದ್ದಾರೆ. ಬಸ್ಸು ಬಂತು ಎನ್ನುವ ಅವಸರದಲ್ಲಿ ನಾನು ಕೊಡುತ್ತಿದ್ದ ಉತ್ತರ ಅರ್ಧಕ್ಕೇ ನಿಲ್ಲುತ್ತಿತ್ತು. ನಿಮ್ಮ ಮುಖ, ಕೈ, ನಿಲುವು ನನ್ನ ಪುಸ್ತಕದಲ್ಲಿ ಇರುವಾಗ ಪೂರ್ತಿ ಉತ್ತರ ಕೇಳುವ ಹಕ್ಕು ನಿಮಗಿದೆ. ಅದಕ್ಕೇ ಈ ಪತ್ರ. ಒಬ್ಬೊಬ್ಬರನ್ನೇ ಹುಡುಕಿ ಹೇಳುವುದು ನನ್ನಿಂದ ಆಗದ ಕೆಲಸ, ಆದ್ದರಿಂದ ಎಲ್ಲರಿಗೂ ಒಟ್ಟಿಗೇ ಬರೆಯುತ್ತಿದ್ದೇನೆ.

ನಮ್ಮ ಮನೆ ನಿಡಿಗೆ ಹತ್ತಿರ. ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅಜ್ಜ ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿದ್ದರು. ನಾನು ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಕೊನೆಯ ವರ್ಷದಲ್ಲಿದ್ದೇನೆ. ನಾನು ಕಲಿಯಲು ಆರಿಸಿಕೊಂಡದ್ದು ಇಲಸ್ಟ್ರೇಷನ್, ಅಂದರೆ ಕತೆಗೆ, ಪಾಠಕ್ಕೆ, ಪುಸ್ತಕಕ್ಕೆ ಚಿತ್ರ ಬರೆಯುವ ಕೆಲಸ. ಗೋಡೆಗೆ ಹಾಕುವ ಚಿತ್ರಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಗೋಡೆಯ ಚಿತ್ರ ತನ್ನಷ್ಟಕ್ಕೆ ತಾನು ಇರುತ್ತದೆ. ಪುಸ್ತಕದ ಚಿತ್ರಕ್ಕೆ ಹಿಂದೊಂದು ಪುಟವಿದೆ, ಮುಂದೊಂದು ಪುಟವಿದೆ. ಈಗ ಕಾಣುತ್ತಿರುವುದಕ್ಕೆ ಮೊದಲು ಏನಾಯಿತು, ಇನ್ನೊಂದು ಗಳಿಗೆಯಲ್ಲಿ ಏನಾಗುತ್ತದೆ ಎಂಬ ಎರಡೂ ಆ ಒಂದೇ ಚಿತ್ರದಲ್ಲಿ ಗೊತ್ತಾಗಬೇಕು. ಈ ನಾಲ್ಕು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಅತಿ ಮುಖ್ಯವಾದದ್ದು ಇದೇ, ಮತ್ತು ಇದನ್ನು ಕಲಿತದ್ದು ಬಹುಪಾಲು ನಿಮ್ಮಿಂದ.

ನಮ್ಮ ನಾಡಿನಲ್ಲಿ ಈ ಕೆಲಸ ಮಾಡಿದ ದೊಡ್ಡವರಿದ್ದಾರೆ. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಚಂದಮಾಮಗಳಿದ್ದವು. ಅವುಗಳ ಮುಖಪುಟಕ್ಕೆ ಮಹಾಭಾರತವನ್ನು ಸಾಲಾಗಿ ಬರೆದ ಎಂ.ಟಿ.ವಿ. ಆಚಾರ್ಯರು ನಮ್ಮವರೇ. ಅವರು ಆಮೇಲೆ ಬೆಂಗಳೂರಿನಿಂದ ಅಂಚೆಯ ಮೂಲಕವೂ ಚಿತ್ರಕಲೆ ಕಲಿಸಿದರು. ದೊಡ್ಡ ಊರಿಗೆ ಹೋಗಿ ಶಾಲೆ ಸೇರಲಾಗದ ಎಷ್ಟೋ ಹುಡುಗರಿಗೆ ಆ ಅಂಚೆಯ ಪಾಠಗಳೇ ಗುರು. ಇನ್ನೊಬ್ಬರು ಆರ್.ಕೆ. ಲಕ್ಷ್ಮಣ್. ಮೈಸೂರಿನ ಆ ಹುಡುಗನಿಗೆ ಮುಂಬೈಯ ಜೆ.ಜೆ. ಕಲಾಶಾಲೆ ಪ್ರವೇಶ ಕೊಡಲಿಲ್ಲ. ಅವರು ಮಹಾರಾಜ ಕಾಲೇಜಿಗೆ ಸೇರಿ ಬಿ.ಎ. ಓದುತ್ತಲೇ ಚಿತ್ರ ಬರೆದರು, 'ಕೊರವಂಜಿ' ಹಾಸ್ಯಪತ್ರಿಕೆಗೆ ಬರೆದರು, ಅಣ್ಣ ಆರ್.ಕೆ. ನಾರಾಯಣರ ಕತೆಗಳಿಗೆ ಬರೆದರು. ಕಾಗೆಗಳನ್ನು ಜೀವನಪೂರ್ತಿ ಬರೆಯುತ್ತಲೇ ಇದ್ದರು.

ಲಕ್ಷ್ಮಣರನ್ನು ಇಲ್ಲಿ ನೆನೆಯಲು ಬೇರೆಯದೇ ಕಾರಣವೂ ಇದೆ. ನಾರಾಯಣರ ಕತೆಗಳ ಮಾಲ್ಗುಡಿ ಎಂಬ ಊರು ಭೂಪಟದಲ್ಲಿಲ್ಲ. ಆದರೆ ಆ ಊರಿಗೆ ಲಕ್ಷ್ಮಣರ ಚಿತ್ರಗಳಿವೆ. ಶಂಕರ್ ನಾಗ್ ಅದನ್ನು ಧಾರಾವಾಹಿ ಮಾಡಿದಾಗ ನಮ್ಮ ಜಿಲ್ಲೆಯ ಆಗುಂಬೆಯೇ ಮಾಲ್ಗುಡಿಯಾಯಿತು. 1986ರಲ್ಲಿ ದೂರದರ್ಶನದಲ್ಲಿ ಬಂದ ಆ ಕತೆಗಳು ಇಡೀ ದೇಶಕ್ಕೆ ಗೊತ್ತಾದವು. ಅದರ ರೈಲು ನಿಲ್ದಾಣವಾಗಿದ್ದ ಹೊಸನಗರ ತಾಲ್ಲೂಕಿನ ಅರಸಾಳಿನಲ್ಲಿ ಇಂದು ಮಾಲ್ಗುಡಿ ಮ್ಯೂಸಿಯಂ ಇದೆ. ಇಲ್ಲದ ಊರೊಂದು ನಮ್ಮ ಜಿಲ್ಲೆಯಲ್ಲಿ ಇಷ್ಟು ಗಟ್ಟಿಯಾಗಿ ನಿಂತಿದೆ. ಮಾಚೇನಹಳ್ಳಿ ನಿಜಕ್ಕೂ ಇದೆ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಫೌಂಡ್ರಿಗಳು, ಗಾರ್ಮೆಂಟ್ಸು, ಶಿಮುಲ್ ಡೇರಿ, ಕೆ.ಎಸ್.ಆರ್.ಪಿ. ಎಂಟನೇ ಪಡೆ ಎಲ್ಲವನ್ನೂ ಇಟ್ಟುಕೊಂಡು ಹಗಲು ರಾತ್ರಿ ಎಚ್ಚರ ಇರುತ್ತದೆ. ಸುತ್ತಲಿನ ಎಷ್ಟೋ ಹಳ್ಳಿಗಳ ಮನೆಗಳ ಒಲೆ ಇಲ್ಲಿನ ಸಂಬಳದಿಂದ ಉರಿಯುತ್ತದೆ. ಆದರೆ ಮಕ್ಕಳ ಕೈಗೆ ಕೊಡುವಂಥ ಒಂದೇ ಒಂದು ಪುಸ್ತಕದಲ್ಲಿ ಈ ಊರಿನ ಚಿತ್ರವನ್ನು ನಾನು ನೋಡಿಲ್ಲ. ನನ್ನ ಶಾಲೆಯ ಪಾಠಪುಸ್ತಕಗಳಲ್ಲಿ 'ನಮ್ಮ ಸಹಾಯಕರು' ಎಂದು ಬಂದವರು ರೈತ, ಕುಂಬಾರ, ಅಂಚೆಯಣ್ಣ, ವೈದ್ಯ. ಅವರೆಲ್ಲ ಇರಬೇಕಾದವರೇ. ಆದರೆ ಅಮ್ಮನ ಕೆಲಸದ ಚಿತ್ರ ಯಾವ ಪುಟದಲ್ಲಿದೆ ಎಂದು ಹುಡುಕಿದ ಹುಡುಗಿ ನಾನು. ಕೊನೆಯ ವರ್ಷಕ್ಕೆ ಏನು ಮಾಡುತ್ತೀಯ ಎಂದು ಕಾಲೇಜಿನಲ್ಲಿ ಕೇಳಿದಾಗ ಉತ್ತರ ಸಿದ್ಧವಾಗಿಯೇ ಇತ್ತು: ಮಾಚೇನಹಳ್ಳಿಯ ಒಂದು ಹಗಲು, ಒಂದು ರಾತ್ರಿ. ಮಕ್ಕಳ ಚಿತ್ರಪುಸ್ತಕ.

ಮೊದಲ ವರ್ಷಗಳಲ್ಲಿ ನನ್ನ ಅಭ್ಯಾಸ ಹೇಗಿತ್ತೆಂದು ಹೇಳಿದರೆ ಈಗಿನದು ನಿಮಗೆ ಅರ್ಥವಾದೀತು. ತರಗತಿಯಲ್ಲಿ ಸ್ಟಿಲ್ ಲೈಫ್, ಅಂದರೆ ಮೇಜಿನ ಮೇಲೆ ಬಟ್ಟೆ ಹಾಸಿ, ಬಿಂದಿಗೆ, ಬಾಟಲಿ, ಬಾಳೆಹಣ್ಣು ಇಟ್ಟು ಬರೆಸುತ್ತಾರೆ. ಬೆಳಕು ಎಡಗಡೆ ಮೇಲಿನ ಕಿಟಕಿಯಿಂದ ಬರುತ್ತದೆ. ಎದುರಿಗೆ ಕೂರುವ ಮಾಡೆಲ್ ಅಲ್ಲಾಡದೆ ಕೂರುತ್ತಾರೆ. ಅದು ಬೇಕಾದ ಪಾಠ, ಅದಿಲ್ಲದೆ ಕಣ್ಣಿಗೆ ಅಳತೆ ಬರುವುದಿಲ್ಲ. ಹಾಸ್ಟೆಲಿಗೆ ಬಂದ ಮೇಲೆ ನಾವೆಲ್ಲ ಫೋನಿನಲ್ಲಿ ಸಿಗುವ ಚಂದದ ಚಿತ್ರಗಳನ್ನು ನೋಡಿ ಅದೇ ರೀತಿಯ ಕಣ್ಣು, ಅದೇ ರೀತಿಯ ಕೂದಲು ಬರೆಯುತ್ತಿದ್ದೆವು. ನಿನ್ನ ಸ್ಟೈಲ್ ಯಾವುದು ಎನ್ನುವುದೇ ಆಗ ಎಲ್ಲರ ಪ್ರಶ್ನೆ. ಕೈ ಚುರುಕಾಯಿತು. ಆದರೆ ನಾನು ಬರೆದ ಮನುಷ್ಯರೆಲ್ಲ ಎಲ್ಲೂ ಹೋಗಬೇಕಿಲ್ಲದವರ ಹಾಗೆ, ಯಾವ ಕೆಲಸದಿಂದಲೂ ಬಂದಿಲ್ಲದವರ ಹಾಗೆ ಕಾಣುತ್ತಿದ್ದರು.

ರಜೆಗೆ ಮನೆಗೆ ಬಂದಾಗ ಬಸ್ ಸ್ಟಾಪಿನಲ್ಲಿ ಬರೆಯಲು ಶುರು ಮಾಡಿದೆ. ಪಾಳಿ ಬಿಟ್ಟಾಗ ನಿಮಗೆ ನಿಲ್ಲಲು ಪುರುಸೊತ್ತಿಲ್ಲ. ಬಸ್ಸು ಬರುವವರೆಗಿನ ಹೊತ್ತಷ್ಟೇ ನನ್ನ ಕೈಯಲ್ಲಿದ್ದದ್ದು. ಆ ಹೊತ್ತಿನಲ್ಲಿ ಮೂಗು, ಕಣ್ಣು ಬರೆಯಲು ಆಗುವುದಿಲ್ಲ. ದೇಹದ ಭಾರ ಯಾವ ಕಾಲಿನ ಮೇಲಿದೆ, ಬ್ಯಾಗು ಯಾವ ಹೆಗಲನ್ನು ಎಳೆಯುತ್ತಿದೆ, ಬೆನ್ನು ಎಲ್ಲಿ ಬಾಗಿದೆ, ಇಷ್ಟನ್ನು ನಾಲ್ಕಾರು ಗೆರೆಯಲ್ಲಿ ಹಿಡಿಯಬೇಕು. ಪೆನ್ಸಿಲು ಬಿಟ್ಟು ಬಾಲ್ ಪೆನ್ ಹಿಡಿದದ್ದು ಆಗಲೇ. ಪೆನ್ಸಿಲು ಇದ್ದರೆ ರಬ್ಬರು ಇರುತ್ತದೆ, ರಬ್ಬರು ಇದ್ದರೆ ಕಣ್ಣು ಎದುರಿನ ಮನುಷ್ಯನನ್ನು ಬಿಟ್ಟು ಹಾಳೆಯ ಮೇಲೇ ಇರುತ್ತದೆ. ಪೆನ್ನಿನಲ್ಲಿ ಎಳೆದ ಗೆರೆ ಅಲ್ಲೇ ಉಳಿಯುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಎಳೆಯಬೇಕು, ಅದಕ್ಕಾಗಿ ಮತ್ತೆ ತಲೆಯೆತ್ತಿ ನಿಮ್ಮನ್ನೇ ನೋಡಬೇಕು.

ಹಾಗೆ ನೋಡುತ್ತಾ ಹೋದಂತೆ ಸಮವಸ್ತ್ರ, ಗುರುತಿನ ಚೀಟಿ ಏನೂ ಕಾಣದಿದ್ದರೂ ಯಾರು ಯಾವ ಕೆಲಸದವರು ಎಂದು ನಿಲುವಿನಿಂದಲೇ ಗೊತ್ತಾಗತೊಡಗಿತು. ಫೆಟ್ಲಿಂಗ್‌ನಲ್ಲಿ ದಿನವಿಡೀ ಗ್ರೈಂಡರ್ ಹಿಡಿದು ಎರಕದ ಒರಟು ಅಂಚು ಉಜ್ಜುವ ಅಣ್ಣಂದಿರು ಟೀ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಕೇಳಿದಾಗ ಒಬ್ಬರು ಹೇಳಿದರು, ಮಶಿನ್ ಬಿಟ್ಟ ಮೇಲೂ ಬೆರಳು ಜುಮ್ ಎನ್ನುತ್ತಿರುತ್ತದೆ, ಒಂದೇ ಕೈಯಲ್ಲಿ ಹಿಡಿದರೆ ಚೆಲ್ಲುತ್ತದೆ ಎಂದು. ಗಾರ್ಮೆಂಟ್ಸಿನ ಅಕ್ಕಂದಿರು ಮಾತಾಡುತ್ತಾ ನಿಂತಾಗಲೂ ಹೆಬ್ಬೆರಳು, ತೋರುಬೆರಳಿನಿಂದ ವೇಲಿನ ಅಂಚನ್ನು ಸವರಿ ಸರಿಸುತ್ತಿರುತ್ತಾರೆ, ಬಟ್ಟೆಯ ಅಂಚನ್ನು ಸೂಜಿಯ ಕೆಳಗೆ ತಳ್ಳುವ ಹಾಗೆಯೇ. ಅಮ್ಮ ಟಿವಿ ನೋಡುತ್ತಾ ಹಾಗೆ ಮಾಡುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಬರೆಯಲು ಕೂತ ಮೇಲಷ್ಟೇ ಅದು ಕೆಲಸದ ಗುರುತು ಎಂದು ತಿಳಿಯಿತು. ಪಾಳಿ ಮುಗಿದ ಮೇಲೂ ಕೆಲಸ ದೇಹದಲ್ಲಿ ಉಳಿದಿರುತ್ತದೆ. ಚಿತ್ರದಲ್ಲಿ 'ಮೊದಲು ಏನಾಯಿತು' ಎನ್ನುವುದು ಬರುವುದು ಇಲ್ಲಿಂದ.

ಫೌಂಡ್ರಿಯೊಳಗೆ ಹೋಗಿ ನೋಡಲು ಅವಕಾಶ ಸಿಕ್ಕಿದ್ದು ಪಕ್ಕದ ಮನೆಯ ಮಾವನಿಂದ. ಮಾಲೀಕರನ್ನು ಕೇಳಿ ಒಪ್ಪಿಸಿದವರು ಅವರೇ. ಒಳಗೆ ಹೋದ ಯಾರಿಗೇ ಆದರೂ ಕಣ್ಣು ಹೋಗುವುದು ಕರಗಿದ ಕಬ್ಬಿಣದ ಕಡೆಗೆ. ಸಾವಿರದ ಮುನ್ನೂರು, ಸಾವಿರದ ನಾನೂರು ಡಿಗ್ರಿಯ ಆ ಬಣ್ಣವನ್ನು ಯಾವ ಬಣ್ಣದ ಪೆಟ್ಟಿಗೆಯಲ್ಲೂ ನಾನು ಕಂಡಿಲ್ಲ. ಫರ್ನೇಸಿನ ಬಾಯಲ್ಲಿ ಬಿಳಿ ಎನ್ನುವಷ್ಟು ಹಳದಿ, ಸುರಿಯುವ ಲೇಡಲ್ಲಿಗೆ ಬಂದಾಗ ಕಿತ್ತಳೆ ಸೇರಿದ ಹಳದಿ, ಅಚ್ಚಿನ ಬಾಯಲ್ಲಿ ನಿಂತ ಮೇಲೆ ಕೆಂಪಾಗುತ್ತಾ ಕಪ್ಪಿಗೆ ತಿರುಗುತ್ತದೆ. ನಾನು ಪುಸ್ತಕ ತೆಗೆದು ಸುರಿಯುವುದನ್ನು ಬರೆಯತೊಡಗಿದಾಗ ಹಿರಿಯ ಮೋಲ್ಡರ್ ಒಬ್ಬರು ಪಕ್ಕಕ್ಕೆ ಬಂದು ನಿಂತರು. "ಎಲ್ಲರೂ ಸುರಿಯೋದನ್ನೇ ಫೋಟೊ ಹೊಡೀತಾರಮ್ಮ. ಕೆಲಸ ಇರೋದು ಮರಳಲ್ಲಿ. ಬಾ, ಮೊದಲು ಮರಳು ಮುಟ್ಟಿ ನೋಡು" ಎಂದರು.

ಅವರು ಒಂದು ಹಿಡಿ ಕರಿ ಮರಳನ್ನು ಅಂಗೈಯಲ್ಲಿ ಒತ್ತಿ ಉಂಡೆ ಮಾಡಿ, ಎರಡು ಬೆರಳಲ್ಲಿ ಮುರಿದು ತೋರಿಸಿದರು. ಮುರಿದ ಜಾಗ ಚೊಕ್ಕಟವಾಗಿದ್ದರೆ ಹದ ಸರಿ. ಉದುರಿದರೆ ನೀರು ಸಾಲದು, ಕೈಗೆ ಅಂಟಿದರೆ ನೀರು ಹೆಚ್ಚು. ನೀರು ಹೆಚ್ಚಾದ ಮರಳಿಗೆ ಕಾದ ಕಬ್ಬಿಣ ಬಿದ್ದರೆ ಹಬೆ ಎದ್ದು ಎರಕದಲ್ಲಿ ಗಾಳಿಗುಳ್ಳೆ ಕೂರುತ್ತದೆ. ಆ ಹಬೆಗೆ ಹೊರಗೆ ಹೋಗಲು ದಾರಿಯಿರಲಿ ಎಂದು ಅಚ್ಚಿಗೆ ತಂತಿಯಲ್ಲಿ ಸಣ್ಣ ತೂತುಗಳನ್ನು ಚುಚ್ಚುತ್ತಾರೆ. ಇಷ್ಟೆಲ್ಲ ಆದ ಮೇಲೆ ಸುರಿಯುವುದು ಕೆಲವೇ ಕ್ಷಣದ ಕೆಲಸ. ಅಂದು ಸಂಜೆ ಮನೆಗೆ ಬಂದು ನೆನಪಿನಿಂದ ಬರೆದದ್ದೆಲ್ಲ ಮರಳು ಹಿಡಿದ ಆ ಕೈಯನ್ನೇ. ಪುಸ್ತಕದಲ್ಲಿ ಎರಕದ ಭಾಗಕ್ಕೆ ನಾಲ್ಕು ಪುಟಗಳಿವೆ. ಅವುಗಳಲ್ಲಿ ಮೂರು ಮರಳಿನವು, ಸುರಿಯುವುದಕ್ಕೆ ಒಂದೇ ಪುಟ. ನಮ್ಮ ಮೇಷ್ಟ್ರು ಮೊದಲು ಆಕ್ಷೇಪಿಸಿದರು, ಮಕ್ಕಳಿಗೆ ಬೆಂಕಿಯೇ ಆಕರ್ಷಣೆ ಅಲ್ಲವೇ ಎಂದು. ಆ ಮೂರು ಪುಟ ತಿರುವಿದ ಮೇಲೆ ಬೆಂಕಿಯ ಪುಟ ಬಂದಾಗ ಅದರ ತೂಕವೇ ಬೇರೆ ಎಂದು ನಾನು ವಾದಿಸಿದೆ. ಇಂದಿಗೂ ಅದೇ ನನ್ನ ಅಭಿಪ್ರಾಯ, ಈಗ ಅವರದ್ದೂ ಅದೇ.

ಅದೇ ಫೌಂಡ್ರಿಯಲ್ಲಿ ಬೆಳಕಿನ ಬಗ್ಗೆಯೂ ಕಲಿತೆ. ತರಗತಿಯಲ್ಲಿ ನೆರಳು ಯಾವಾಗಲೂ ಮೂಗಿನ ಕೆಳಗೆ, ಗಲ್ಲದ ಕೆಳಗೆ. ಲೇಡಲ್ ಹಿಡಿದವರ ಮುಖಕ್ಕೆ ಬೆಳಕು ಕೆಳಗಿನಿಂದ ಬರುತ್ತದೆ. ಗಲ್ಲ ಬೆಳಗುತ್ತದೆ, ಹುಬ್ಬಿನ ನೆರಳು ಹಣೆಯ ಮೇಲೆ ಹತ್ತುತ್ತದೆ. ಶೇಡಿಂಗ್‌ನ ಎಲ್ಲ ಅಭ್ಯಾಸವನ್ನೂ ತಲೆಕೆಳಗು ಮಾಡಿಕೊಂಡು ಮತ್ತೆ ಕಲಿಯಬೇಕಾಯಿತು. ಗಾರ್ಮೆಂಟ್ಸಿನಲ್ಲಿ ಇದರ ಪೂರ್ತಿ ವಿರುದ್ಧ. ಉದ್ದಕ್ಕೂ ಟ್ಯೂಬ್‌ಲೈಟು, ಎಲ್ಲ ಕಡೆಯಿಂದ ಒಂದೇ ಸಮ ಬಿಳಿ ಬೆಳಕು, ನೆರಳೇ ಇಲ್ಲ. ಅಲ್ಲಿ ಮುಖವನ್ನು ನೆರಳಿನಿಂದ ಕಟ್ಟಲು ಬರುವುದಿಲ್ಲ, ಗೆರೆಯಿಂದಲೇ ಕಟ್ಟಬೇಕು. ಹೀಗಾಗಿ ನನ್ನ ಪುಸ್ತಕದಲ್ಲಿ ಎರಡು ಕೈಬರಹ ಇವೆ ಎಂದರೂ ತಪ್ಪಿಲ್ಲ. ಸ್ಟೈಲ್ ಯಾವುದು ಎಂಬ ಹಳೆಯ ಪ್ರಶ್ನೆ ನನ್ನನ್ನು ಈಗ ಕಾಡುವುದಿಲ್ಲ. ಯಾರ ಮೇಲೆ ಯಾವ ಬೆಳಕು ಬಿದ್ದಿದೆ ಎಂದು ನೋಡಿದರೆ ಗೆರೆ ತಾನಾಗಿ ತೀರ್ಮಾನವಾಗುತ್ತದೆ.

ಅಚ್ಚಿಗೆ ಮಾದರಿಯಾಗುವ ಪ್ಯಾಟರ್ನ್ ಮಾಡುವ ಅಣ್ಣ ಹೇಳಿಕೊಟ್ಟ ಒಂದು ಸಂಗತಿಯಂತೂ ದಿನಾ ನನ್ನ ಮೇಜಿನ ಮೇಲಿದೆ. ಎರಕದ ಕಬ್ಬಿಣ ಆರುವಾಗ ಉದ್ದದಲ್ಲಿ ಸುಮಾರು ಶೇ 1ರಷ್ಟು ಕುಗ್ಗುತ್ತದೆ, ಉಕ್ಕು ಅದರ ಎರಡರಷ್ಟು. ಅದಕ್ಕೇ ಪ್ಯಾಟರ್ನನ್ನು ಬೇಕಾದ ಅಳತೆಗಿಂತ ಅಷ್ಟು ದೊಡ್ಡದಾಗಿಯೇ ಮಾಡುತ್ತಾರೆ. 300 ಮಿಲಿಮೀಟರಿನ ಭಾಗಕ್ಕೆ 303ರ ಪ್ಯಾಟರ್ನು. ಈ ಲೆಕ್ಕ ಮೊದಲೇ ಸೇರಿಸಿ ಗುರುತು ಹಾಕಿದ ಅಳತೆಪಟ್ಟಿಯೇ ಅವರ ಬಳಿ ಬೇರೆ ಇರುತ್ತದೆ. ಪುಸ್ತಕದ ಚಿತ್ರವೂ ಹೀಗೆ ಕುಗ್ಗುವ ವಸ್ತುವೇ. ಎ3 ಹಾಳೆಯಲ್ಲಿ ಬರೆದದ್ದು ಎ4ರಲ್ಲಿ ಅಚ್ಚಾದರೆ ಪ್ರತಿ ಗೆರೆಯೂ ಶೇ 71ಕ್ಕೆ ಇಳಿಯುತ್ತದೆ. ಅರ್ಧ ಮಿಲಿಮೀಟರಿನ ಗೆರೆ ಮೂರನೇ ಒಂದು ಮಿಲಿಮೀಟರಿನ ಹತ್ತಿರ ಬರುತ್ತದೆ, ತೀರಾ ತೆಳ್ಳಗಿನದು ಮಾಯವಾಗಬಹುದು. ಹಾಗಾಗಿ ಮುಗಿದ ಮೇಲೆ ಹೇಗಿರಬೇಕು ಎಂದು ಮೊದಲೇ ತಿಳಿದು, ಅದಕ್ಕೆ ಬೇಕಾದಷ್ಟು ದಪ್ಪ ಗೆರೆಯನ್ನು ಈಗಲೇ ಎಳೆಯಬೇಕು. ಆ ಅಣ್ಣನಿಗೆ ನನ್ನ ದೊಡ್ಡ ಹಾಳೆಯನ್ನೂ ಅದರ ಚಿಕ್ಕ ಪ್ರಿಂಟನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಎರಡು ನಿಮಿಷ ನೋಡಿ, "ನಿಂದೂ ನಮ್ ಕೆಲಸನೇ" ಎಂದರು. ಕಾಲೇಜಿನಲ್ಲಿ ಸಿಕ್ಕ ಯಾವ ಅಂಕಕ್ಕಿಂತ ಆ ಮಾತು ನನಗೆ ದೊಡ್ಡದು.

ಗಾರ್ಮೆಂಟ್ಸಿನ ಅಕ್ಕಂದಿರೇ, ನಿಮ್ಮಿಂದ ಕಲಿತದ್ದು ಪುಟಗಳನ್ನು ಜೋಡಿಸುವುದು. ಒಂದು ಶರ್ಟು ಒಬ್ಬರ ಕೈಯಲ್ಲಿ ಆಗುವುದಿಲ್ಲ. ಕಟಿಂಗ್‌ನಿಂದ ಬಂಡಲ್ ಬರುತ್ತದೆ, ಒಬ್ಬರು ಕಾಲರ್, ಒಬ್ಬರು ಕಫ್, ಒಬ್ಬರು ತೋಳು ಕೂರಿಸುವುದು, ಇನ್ನೊಬ್ಬರು ಕಾಜಾ, ಕೊನೆಗೆ ಚೆಕಿಂಗ್. ವರ್ಷಗಟ್ಟಲೆ ಕಾಲರ್ ಒಂದನ್ನೇ ಹೊಲಿದ ಅಕ್ಕನಿಗೆ ಪೂರ್ತಿ ಶರ್ಟು ಹೇಗೆ ನಿಲ್ಲುತ್ತದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ, ಏಕೆಂದರೆ ಹಿಂದಿನವರು ಒಂದು ಎಳೆ ಆಚೆ ಹೊಲಿದಿದ್ದರೆ ಅದು ಸಿಕ್ಕುವುದು ಇವರ ಮಶಿನಿನಲ್ಲಿ. ಅಮ್ಮ ಊಟದ ತಟ್ಟೆಯ ಮುಂದೆ ಕೂತು ಇದನ್ನೆಲ್ಲ ಕೈಯಲ್ಲಿ ಮಾಡಿ ತೋರಿಸಿದಳು, ನಾನು ಪಕ್ಕದಲ್ಲಿ ಚೌಕ ಚೌಕವಾಗಿ ಬರೆದುಕೊಂಡೆ. ಚೌಕಗಳನ್ನು ಕತ್ತರಿಸಿ ನೆಲದ ಮೇಲೆ ಹರಡಿದೆವು. ಒಂದನ್ನು ಹಿಂದಕ್ಕೆ, ಒಂದನ್ನು ಮುಂದಕ್ಕೆ ಸರಿಸಿ, "ಇದಾದ್ಮೇಲೆ ಅದು ಬರಲ್ಲ, ನಡುವೆ ಪ್ರೆಸ್ ಹಾಕ್ಬೇಕು" ಎಂದು ಅಮ್ಮನೇ ಸರಿ ಮಾಡಿದಳು. ಇಡೀ ಪುಸ್ತಕದ ಪುಟಗಳ ಸಾಲು ಗಟ್ಟಿಯಾದದ್ದು ನಮ್ಮ ಅಡುಗೆಮನೆಯ ನೆಲದ ಮೇಲೆ.

ಪುಟ ಜೋಡಿಸುವುದನ್ನು ಅರ್ಥ ಮಾಡಿಕೊಳ್ಳಲು ತರೀಕೆರೆ ತಾಲ್ಲೂಕಿನ ಅಮೃತಪುರಕ್ಕೂ ಹೋದೆ. ಹೊಯ್ಸಳರ ಕಾಲದ ಅಮೃತೇಶ್ವರ ದೇವಾಲಯ, 1196ರದ್ದು. ನಮ್ಮ ಕಡೆಯವರು ಪ್ರವಾಸಕ್ಕೆ ಬೇಲೂರಿಗೆ ಹೋಗುತ್ತಾರೆ, ಪಕ್ಕದ ಇದನ್ನು ನೋಡಿದವರು ಕಡಿಮೆ. ಮಂಟಪದ ಹೊರಗೋಡೆಯ ಮೇಲೆ 140 ಚೌಕಗಳಲ್ಲಿ ಕತೆಗಳಿವೆ. ದಕ್ಷಿಣದ ಗೋಡೆಯ 70 ಚೌಕಗಳಲ್ಲಿ ರಾಮಾಯಣ, ಉತ್ತರದಲ್ಲಿ 25 ಕೃಷ್ಣನ ಕತೆ, 45 ಮಹಾಭಾರತ. ರಾಮಾಯಣ ಸಾಗುವುದು ಅಪ್ರದಕ್ಷಿಣೆಯಾಗಿ, ಉತ್ತರದ ಗೋಡೆಯದು ಪ್ರದಕ್ಷಿಣೆಯಾಗಿ. ಗೋಡೆಯ ಉದ್ದಕ್ಕೆ ನಡೆಯುವವನ ಕಾಲೇ ಅಲ್ಲಿ ಪುಟ ತಿರುಗಿಸುತ್ತದೆ. ಒಂದು ಚೌಕದಲ್ಲಿ ಎಷ್ಟು ಹೇಳಬೇಕು, ಎಷ್ಟನ್ನು ಮುಂದಿನ ಚೌಕಕ್ಕೆ ಬಿಡಬೇಕು ಎಂಬ ಲೆಕ್ಕವನ್ನು ಎಂಟುನೂರು ವರ್ಷದ ಹಿಂದೆಯೇ ಒಬ್ಬರು ಕಲ್ಲಿನಲ್ಲಿ ಮಾಡಿಟ್ಟಿದ್ದಾರೆ. ಹೊಯ್ಸಳರ ಹೆಸರಾಂತ ಶಿಲ್ಪಿ ರೂವಾರಿ ಮಲ್ಲಿತಮ್ಮ ಕಸುಬು ಶುರು ಮಾಡಿದ್ದು ಇದೇ ಗುಡಿಯ ಮಂಟಪದ ಛಾವಣಿಗಳಲ್ಲಿ ಎನ್ನುತ್ತಾರೆ. ಆತನ ಹೆಸರು ಆಮೇಲೆ ಸೋಮನಾಥಪುರದ ವಿಗ್ರಹಗಳ ಕೆಳಗೂ ಸಿಗುತ್ತದೆ. ಆ ಛಾವಣಿಯ ಕೆಳಗೆ ಮಲಗಿ ಬರೆಯುತ್ತಾ ನಾನು ಯೋಚಿಸಿದ್ದು, ಇದನ್ನು ಕೆತ್ತುವಾಗ ಆತ ನಮ್ಮ ಹಾಗೆ ಕಲಿಯುವವನೇ ಆಗಿದ್ದ, ಆದರೂ ಆತನಿಗೆ ಕೊಟ್ಟದ್ದು ನಿಜವಾದ ಗುಡಿಯ ನಿಜವಾದ ಛಾವಣಿ. ಕಲಿಯುವವರಿಗೆ ನಿಜವಾದ ಕೆಲಸ ಕೊಡಬೇಕು. ಅಭ್ಯಾಸದ ಹಾಳೆ ಒಂದು ಮಟ್ಟದವರೆಗೆ ಮಾತ್ರ ಕಲಿಸುತ್ತದೆ.

ನನ್ನ ಕೆಲಸದ ದಿನ ಹೇಗಿರುತ್ತದೆ ಎಂದು ಕೆಲವು ಅಕ್ಕಂದಿರು ಕೇಳಿದ್ದೀರಿ. ಬೆಳಗಿನ ಪಾಳಿಯ ಬಸ್ಸಿಗೆ ಅಮ್ಮ ಹೊರಡುವ ಹೊತ್ತಿಗೆ ನಾನೂ ಎದ್ದು ಕೂರುತ್ತೇನೆ. ಆಗ ಮುಗಿಸುವ ಕೆಲಸ, ಅಂದರೆ ಶಾಯಿ ಹಾಕುವುದು, ಬಣ್ಣ ತುಂಬುವುದು. ಕೈ ನಡುಗದ ಹೊತ್ತು ಅದು. ಹಗಲು ಹೊರಗಿನ ಸ್ಕೆಚ್. ರಾತ್ರಿ, ಹಗಲು ಕಂಡದ್ದರಲ್ಲಿ ಒಂದನ್ನು ಪುಸ್ತಕ ನೋಡದೆ ನೆನಪಿನಿಂದ ಬರೆಯುತ್ತೇನೆ. ನೆನಪಿನಲ್ಲಿ ಉಳಿದಷ್ಟೇ ನಾನು ನಿಜವಾಗಿ ನೋಡಿದ್ದು. ಪ್ರತಿ ಪುಟಕ್ಕೂ ದಿನಾಂಕ ಹಾಕುತ್ತೇನೆ. ಭಾನುವಾರ ಹಳೆಯ ಪುಸ್ತಕ ತೆಗೆದು ಅದೇ ಬಸ್ ಸ್ಟಾಪಿನ ಹಿಂದಿನ ಚಿತ್ರ ನೋಡುತ್ತೇನೆ. ಸ್ಕೆಚ್ ಮಾಡುವುದು ಸುಖ, ಮುಗಿಸುವುದು ಕಷ್ಟ. ಅರ್ಧ ಬಿಟ್ಟ ಚಿತ್ರದಲ್ಲಿ ಎಲ್ಲ ಸಾಧ್ಯತೆಯೂ ಇರುತ್ತದೆ, ಮುಗಿಸಿದ ಚಿತ್ರದಲ್ಲಿ ನಾನು ಮಾಡಿದ್ದು ಮಾತ್ರ ಇರುತ್ತದೆ. ಆದರೆ ಪುಸ್ತಕಕ್ಕೆ ಬೇಕಾದ್ದು ಮುಗಿದ ಪುಟ. ಪಾಳಿ ಮುಗಿಯುವ ಹೊತ್ತಿಗೆ ಬಂಡಲ್ ಮುಂದಿನವರಿಗೆ ಹೋಗಲೇಬೇಕು ಎಂಬ ನಿಮ್ಮ ಶಿಸ್ತನ್ನು ನಾನೂ ಇಟ್ಟುಕೊಂಡಿದ್ದೇನೆ. ಕೈ ನೋಯತೊಡಗಿದರೆ ನಿಲ್ಲಿಸುತ್ತೇನೆ. ನೋವನ್ನು ನುಂಗಿಕೊಂಡು ದುಡಿದ ಕೈಗಳು ಕೊನೆಗೆ ಏನಾಗುತ್ತವೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಬಣ್ಣ ಆರಿಸಿದ್ದನ್ನೂ ಹೇಳಬೇಕು. ಸಾಗರ, ಸೊರಬದ ಕಡೆ ದೀವರ ಮನೆಗಳ ಹಸೆ ಚಿತ್ತಾರ ನಿಮಗೆ ಗೊತ್ತು. ಅಜ್ಜಿಯರು ಪುಂಡಿ ನಾರಿನ ಕುಂಚದಲ್ಲಿ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಎಳೆ ಎಳೆಯಾಗಿ ಗೆರೆ ಎಳೆಯುತ್ತಾರೆ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೂ ಅದೇ ಚಿತ್ತಾರ. ಅಲ್ಲಿ ಇರುವುದು ನಾಲ್ಕೇ ಬಣ್ಣ: ಕೆಮ್ಮಣ್ಣಿನ ಕೆಂಪು, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ನನ್ನ ಮಟ್ಟಿಗೆ ನಮ್ಮ ಜಿಲ್ಲೆಯ ಅತಿ ದೊಡ್ಡ ಚಿತ್ರಶಾಲೆ ಅದೇ. ಮಾಚೇನಹಳ್ಳಿಯನ್ನು ಅದೇ ನಾಲ್ಕು ಬಣ್ಣದಲ್ಲಿ ಬರೆಯಬಹುದೇ ಎಂದು ನೋಡಿದೆ. ತುಕ್ಕಿಗೆ ಕೆಂಪು, ಮರಳಿಗೂ ಮಸಿಗೂ ಕಪ್ಪು, ಟ್ಯೂಬ್‌ಲೈಟಿಗೂ ಹಾಲಿಗೂ ಬಿಳಿ, ಕಾದ ಕಬ್ಬಿಣಕ್ಕೆ ಹಳದಿ. ಐದನೆಯದು ಬೇಕಾಗಲಿಲ್ಲ. ಕಾರ್ಖಾನೆ ಎಂದರೆ ಮಲೆನಾಡಿಗೆ ಹೊರಗಿನದು ಎಂದು ತಿಳಿದವರಿಗೆ ಈ ಪುಟಗಳನ್ನು ತೋರಿಸಬೇಕು ಎಂಬ ಆಸೆ ನನಗಿದೆ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಬಂದದ್ದು ನಮ್ಮದೇ ಕಾಡಿನಿಂದ. ನೂರು ವರ್ಷದಿಂದ ಕಬ್ಬಿಣ ಇಲ್ಲಿಯದೇ.

ಕಾಗದವೂ ಇಲ್ಲಿಯದೇ ಆಗಿತ್ತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಹಾಳೆಯ ಮೇಲೆ ಈ ನಾಡಿನ ಎಷ್ಟು ಪತ್ರಿಕೆ, ಎಷ್ಟು ನೋಟ್‌ಬುಕ್ ಬಂದವೋ. ಅಜ್ಜ ನಿವೃತ್ತಿಯಾಗುವಾಗ ಮನೆಯಲ್ಲಿ ಉಳಿದ ಹಾಳೆಗಳ ಒಂದು ಕಟ್ಟು ಈಗಲೂ ನನ್ನ ಬಳಿಯಿದೆ. ಅಂಚು ಹಳದಿಯಾಗಿದೆ, ಪೆನ್ನು ಅದರ ಮೇಲೆ ಸ್ವಲ್ಪ ಹೀರಿಕೊಂಡು ಓಡುತ್ತದೆ. ಆ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ಪುಸ್ತಕದ ಕರಡು ಈವರೆಗೆ ಅಜ್ಜನ ಹಾಳೆಗಳ ಮೇಲೇ ಆಗಿದೆ.

ಈಗಂತೂ ಫೋನಿಗೆ ಎರಡು ಮಾತು ಹೇಳಿದರೆ ಚಿತ್ರ ಬರುತ್ತದಲ್ಲ, ನೀನೇಕೆ ಬಿಸಿಲಲ್ಲಿ ನಿಲ್ಲುತ್ತೀಯ ಎಂದು ಒಬ್ಬ ಅಣ್ಣ ಕೇಳಿದ್ದರು. ಯಂತ್ರ ಬರೆದ ಚಿತ್ರಕ್ಕೆ 'ಇದು ತಪ್ಪು' ಎನ್ನಲು, 'ಬೇಡ' ಎನ್ನಲು ಬರೆದವರು ನಿಮ್ಮ ಎದುರಿಗೆ ಇರುವುದಿಲ್ಲ. ನನಗೆ ಎರಡನ್ನೂ ಹೇಳಬಹುದು. ಬರೆದವಳು ನಿಮ್ಮ ಎದುರಿಗೇ ನಿಂತಿದ್ದಾಳೆ ಎನ್ನುವುದು ಚಿತ್ರದ ಗುಣಕ್ಕೆ ಸೇರಿದ ವಿಷಯ ಎಂದು ನಾನು ನಂಬಿದ್ದೇನೆ. ನನ್ನ ಪ್ರಗತಿಯನ್ನು ಅಳೆಯಲು ಈಗ ನನಗೆ ಬೇಕಾದದ್ದು ಇದೊಂದೇ: ಚಿತ್ರದಲ್ಲಿರುವವರು ಅದನ್ನು ನೋಡಿ "ಹೌದು, ಹೀಗೇ ಹಿಡಿಯೋದು" ಎನ್ನಬೇಕು.

ಆದ್ದರಿಂದ ಕೆಲವು ಮಾತು ಕೇಳಿಕೊಳ್ಳಬೇಕಿದೆ. ಪುಸ್ತಕದಲ್ಲಿ ಈವರೆಗೆ ಮುಗಿದ ಎಲ್ಲ ಪುಟಗಳ ಪ್ರಿಂಟನ್ನು ಡೇರಿ ಕಡೆಯ ಟೀ ಅಂಗಡಿಯಲ್ಲಿ ದಾರ ಕಟ್ಟಿ ತೂಗುಹಾಕುತ್ತಿದ್ದೇನೆ. ಅಂಗಡಿಯ ಅಣ್ಣ ಒಪ್ಪಿದ್ದಾರೆ. ಮೂರೂ ಪಾಳಿಯವರು ನೋಡಲಿ ಎಂದು ಇಡೀ ವಾರ ಇರುತ್ತದೆ. ಪಕ್ಕದಲ್ಲಿ ಕೆಂಪು ಪೆನ್ನು ಇಟ್ಟಿರುತ್ತೇನೆ. ಕೈಯ ಹಿಡಿತ, ಉಪಕರಣ, ಕೆಲಸದ ಕ್ರಮ, ಕನ್ನಡಕ, ಗ್ಲೌಸ್ ಏನೇ ತಪ್ಪಿದ್ದರೂ ಪ್ರಿಂಟಿನ ಮೇಲೇ ಗೀಚಿ. ಬರೆಯಲು ಬರುವುದಿಲ್ಲ ಎನ್ನುವವರು ಬಾಯಲ್ಲಿ ಹೇಳಿ, ಸಂಜೆ ಹೊತ್ತು ನಾನು ಅಲ್ಲೇ ಇರುತ್ತೇನೆ. ತನ್ನ ಚಿತ್ರ ಬೇಡ ಎನ್ನುವವರು ಕಾರಣ ಹೇಳಬೇಕಿಲ್ಲ. ಆ ಪುಟದಿಂದ ನಿಮ್ಮನ್ನು ತೆಗೆದು, ಮೂಲ ಸ್ಕೆಚ್ಚನ್ನು ನಿಮ್ಮ ಕೈಗೇ ಕೊಡುತ್ತೇನೆ. ಕಂಪನಿಯ ಹೆಸರು, ನಿಮ್ಮ ಹೆಸರು ಪುಸ್ತಕದಲ್ಲಿ ಎಲ್ಲೂ ಇರುವುದಿಲ್ಲ, ನೀವೇ ಕೇಳಿದರೆ ಮಾತ್ರ ಹೆಸರು ಹಾಕುತ್ತೇನೆ. ಮನೆಯಲ್ಲಿ ಮಕ್ಕಳಿದ್ದರೆ ದಯವಿಟ್ಟು ಕರೆದುಕೊಂಡು ಬನ್ನಿ. ಯಾವ ಪುಟದಲ್ಲಿ ಅವರು ನಿಂತು ಪ್ರಶ್ನೆ ಕೇಳುತ್ತಾರೆ ಎಂದು ನಾನು ಗುರುತು ಹಾಕಿಕೊಳ್ಳಬೇಕು.

ರಾತ್ರಿ ಪಾಳಿಯ ಪುಟಗಳು ಇನ್ನೂ ಮೂರು ಬಾಕಿಯಿವೆ. ಬೆಳಗಿನ ಜಾವ ಡೇರಿಗೆ ಟ್ಯಾಂಕರು ಬರುವ ಹೊತ್ತಿನ ಕೆಲಸವನ್ನು ನಾನು ಹೊರಗಿನಿಂದಷ್ಟೇ ನೋಡಿದ್ದೇನೆ. ಆ ಪಾಳಿಯವರು ಯಾರಾದರೂ ಅರ್ಧ ಗಂಟೆ ಕೂತು ಮೊದಲಿನಿಂದ ಕೊನೆಯವರೆಗೆ ಏನೇನು ಮಾಡುತ್ತೀರಿ ಎಂದು ಹೇಳಿದರೆ ಆ ಪುಟಗಳನ್ನು ಶುರು ಮಾಡಬಹುದು. ಟೀ ಅಂಗಡಿಯಲ್ಲಿ ಹೇಳಿಟ್ಟರೆ ಸಾಕು, ನಿಮಗೆ ಅನುಕೂಲವಾದ ಹೊತ್ತಿಗೆ ಬರುತ್ತೇನೆ.

ಇಂತಿ,
ನಿಡಿಗೆ ಕಡೆಯ ಚಿತ್ರಕಲಾ ವಿದ್ಯಾರ್ಥಿನಿ